ಹರಿದ ಅಂಚಿನ ಫ್ರಾಕು

ಫೆಬ್ರುವರಿ ೩

ಅಕ್ಕಾ,

ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಗಿರಾಕಿ ಬಂದ್ರು ಕಣೋ" ಎಂದು ಇಟ್ಟುಬಿಡುತ್ತೀಯ. ಪತ್ರವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅಮ್ಮ ಹೋಗಿ ಎಂಟು ತಿಂಗಳಾಯಿತು. ಅವಳ ಹೊಲಿಗೆ ಅಂಗಡಿ ಮಾರಿದ ಹಣ ನಮ್ಮಿಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸುಮ್ಮನೆ ಕೂತಿದೆ. ಇಬ್ಬರ ಸಹಿಯೂ ಬೀಳದೆ ಅದು ಅಲುಗುವುದಿಲ್ಲ. "ನಿಮ್ಮಿಬ್ಬರ ಹೊಟ್ಟೆಗೆ ಇದೆ. ಇದನ್ನ ಯೋಗ್ಯರಾದವರಿಗೆ ಕೊಡಿ. ಇಬ್ರೂ ಕೂತು ಯೋಚನೆ ಮಾಡಿ ಕೊಡಿ" ಎಂದಿದ್ದಳಲ್ಲ. ನಾವು ಕೂತೂ ಇಲ್ಲ, ಯೋಚನೆಯನ್ನೂ ಮಾಡಿಲ್ಲ.

ಕಡೆಗೆ ನಾನೊಬ್ಬನೇ ಮಾಡಿದೆ. ಊರವರ ಲೆಕ್ಕ ತಪಾಸಣೆ ಮಾಡಿಯೇ ತಲೆ ನರೆತವನು ನಾನು, ನನಗೆ ಬರುವುದು ಅದೊಂದೇ. ಮೂರು ಕಡೆ ಹೋಗಿ ಕಾಗದಪತ್ರ ನೋಡಿಬಂದೆ. ಬಂದ ಹಣದಲ್ಲಿ ಎಷ್ಟು ಕಚೇರಿಗೆ ಹೋಗುತ್ತದೆ, ಎಷ್ಟು ಕೈಗೆ ತಲುಪುತ್ತದೆ ಎಂದು ಒಂದು ಪಟ್ಟಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಬಡವರ ಕಣ್ಣಾಸ್ಪತ್ರೆ ಪರವಾಗಿಲ್ಲ, ಆದರೆ ಮುಖ್ಯಸ್ಥರ ಕಾರು ಆಸ್ಪತ್ರೆಗಿಂತ ಹೊಸದು. ಬಸ್ ಡಿಪೋ ಹಿಂದೆ ಒಂದು ಪುಕ್ಕಟೆ ಊಟದ ಮನೆ ಇದೆ, ನಿವೃತ್ತ ಕಂಡಕ್ಟರ್ ಒಬ್ಬ ನಡೆಸುತ್ತಾನೆ. ದಿನಕ್ಕೆ ಎಷ್ಟು ಜನ ಉಣ್ಣುತ್ತಾರೆ ಎಂದು ಕೇಳಿದರೆ "ಬಂದಷ್ಟು" ಎಂದ. ಲೆಕ್ಕ ಎಲ್ಲಿ ಎಂದರೆ ಪಾತ್ರೆ ತೋರಿಸಿದ. ಅಂಥವನಿಗೆ ಅಮ್ಮನ ಹಣ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲರಿಗಿಂತ ಮೇಲೆ ಬಂದಿರುವುದು ಮಕ್ಕಳ ಓದಿನ ಸಂಸ್ಥೆ. ಹೌದು, ನನ್ನನ್ನು ಓದಿಸಿದವರೇ. ಋಣಕ್ಕೆ ಬಿದ್ದು ಮೇಲೆ ಹಾಕಿದ್ದಲ್ಲ, ಬೇಕಾದರೆ ನೀನೇ ಕೂಡಿ ಕಳೆದು ನೋಡು. ಬಿಲ್ಲಿಗೆ ಬಿಲ್ಲು, ಮಗುವಿಗೆ ಮಗು ಸರಿಹೊಂದುತ್ತದೆ. ಬೇಗ ತಿಳಿಸು.

ನಿನ್ನ ತಮ್ಮ


ಫೆಬ್ರುವರಿ ೧೬

ತಮ್ಮಾ,

ಪಟ್ಟಿ ತಲುಪಿತು. ಗೆರೆಗಳನ್ನು ಬಹಳ ನೀಟಾಗಿ ಎಳೆದಿದ್ದೀಯ.

ನೀನು ಮೂರೂ ಕಡೆ ಹೋದದ್ದು ದುಡ್ಡು ಕೊಡುವವನಾಗಿ. ಕುರ್ಚಿ ಹಾಕಿರುತ್ತಾರೆ, ಚಹಾ ಕೊಟ್ಟಿರುತ್ತಾರೆ, "ಸರ್, ಸರ್" ಎಂದು ಬಾಗಿಲವರೆಗೆ ಬಂದು ಕಳಿಸಿರುತ್ತಾರೆ. ಅದು ಬಟ್ಟೆಯ ಹೊರಮೈ. ನಮ್ಮ ಹೊಲಿಗೆಯ ಕಸುಬಿನಲ್ಲಿ ಬಟ್ಟೆಯನ್ನು ಒಳಮೈ ತಿರುಗಿಸಿ ನೋಡದೆ ಬೆಲೆ ಹೇಳುವುದಿಲ್ಲ. ಮೂರೂ ಕಡೆ ನಾನು ಬೇಡುವವಳಾಗಿ ಹೋಗುತ್ತೇನೆ. ನನ್ನ ಹಳೆಯ ಸ್ವೆಟರು, ಸವೆದ ಚಪ್ಪಲಿ ನೋಡಿದರೆ ಯಾರೂ ಅನುಮಾನ ಪಡಲಾರರು. ವೇಷ ಹಾಕುವ ಅಗತ್ಯವೇ ಇಲ್ಲ, ದಿನಾ ಇರುವುದೇ ಹಾಗೆ.

ಆ ಓದಿನ ಸಂಸ್ಥೆಯ ಹೆಸರನ್ನು ನನ್ನ ಮುಂದೆ ಎತ್ತಬಾರದು ಎಂದು ನಿನ್ನ ಮಗಳ ಮದುವೆಯಲ್ಲೇ ಹೇಳಿದ್ದೆ. ನೀನು ಎತ್ತಿದ್ದಲ್ಲದೆ ಎಲ್ಲರಿಗಿಂತ ಮೇಲೆ ಕೂರಿಸಿದ್ದೀಯ. ದೊಡ್ಡ ಮನುಷ್ಯ.

ಅಕ್ಕ


ಮಾರ್ಚ್ ೧

ಅಕ್ಕಾ,

ಈ ವಯಸ್ಸಿನಲ್ಲಿ ಭಿಕ್ಷುಕಿಯ ಹಾಗೆ ಬಾಗಿಲಿಂದ ಬಾಗಿಲಿಗೆ ಅಲೆಯುತ್ತೀಯಾ? ಯಾರಾದರೂ ನೋಡಿದರೆ ನನ್ನ ಮುಖ ಎಲ್ಲಿಡಲಿ?

ಆ ಸಂಸ್ಥೆಯ ಮೇಲೆ ನಿನಗೇಕೆ ಇಷ್ಟು ಸಿಟ್ಟು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಫೋಟೋ ವಿಷಯ ತಾನೇ? ಒಂಬತ್ತು ವರ್ಷದ ಹುಡುಗಿ, ಒಂದು ಫೋಟೋ. ಅದರಿಂದ ನಾನು ಹಾಸ್ಟೆಲ್ ಸೇರಿದೆ, ಓದಿದೆ, ಮನುಷ್ಯನಾದೆ. ಮೊನ್ನೆ ಅವರ ಕಚೇರಿಗೆ ಹೋದಾಗ ನೋಡಿದೆ, ಆ ಚಿತ್ರ ಈಗಲೂ ಬಾಗಿಲ ಎದುರಿನ ಗೋಡೆಯಲ್ಲಿ ಆಳೆತ್ತರಕ್ಕೆ ಇದೆ. ಹರಕು ಲಂಗ, ಕೆನ್ನೆಯ ಮೇಲೆ ಕಣ್ಣೀರು. ಕೆಳಗೆ "ಇವಳಿಗೊಂದು ಪುಸ್ತಕ ಕೊಡಿಸುವಿರಾ?" ಎಂಬ ಅದೇ ಸಾಲು. ಮ್ಯಾನೇಜರಿಗೆ "ಇದು ನಮ್ಮಕ್ಕ" ಎಂದೆ. ಆತ ಎದ್ದು ನಿಂತು ನನ್ನ ಕೈ ಕುಲುಕಿದ. ನನಗೆ ಹೆಮ್ಮೆಯಾಯಿತು ಕಣೇ. ನಿನಗೇಕೆ ಆಗುವುದಿಲ್ಲ?

ತಮ್ಮ


ಮಾರ್ಚ್ ೨೯

ತಮ್ಮಾ,

ನಾಲ್ಕು ವಾರ ಉತ್ತರ ಬರೆಯಲಿಲ್ಲ. ಬರೆದರೆ ಕೆಟ್ಟದಾಗಿ ಬರೆಯುತ್ತೇನೆಂದು ತಡೆದಿದ್ದೆ. ಈಗಲೂ ಚೆನ್ನಾಗೇನೂ ಬರೆಯಲಾರೆ.

ಹೆಮ್ಮೆ ಏಕಿಲ್ಲ ಎಂದು ಕೇಳಿದ್ದೀಯ. ಆಗ ನಿನಗೆ ಐದು ವರ್ಷ, ಅಪ್ಪನ ಕಾಲು ಹಿಡಿದುಕೊಂಡು ಬೆರಳು ಚೀಪುತ್ತಿದ್ದೆ. ಫೋಟೋದವನು ಬರುತ್ತಾನೆಂದು ಅಮ್ಮ ಹಿಂದಿನ ದಿನವೆಲ್ಲ ಕೂತು ನನಗೆ ಫ್ರಾಕು ಹೊಲಿದಿದ್ದಳು. ಗಿರಾಕಿಗಳು ಬಿಟ್ಟುಹೋದ ತುಂಡುಗಳನ್ನೇ ಜೋಡಿಸಿದ್ದು, ಆದರೆ ಜೋಡಿಸಿದ್ದು ಎಲ್ಲಿ ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಫೋಟೋದವನು ಬಂದವನೇ ತಲೆ ಆಡಿಸಿದ. "ಇದು ತೀರಾ ಚೆನ್ನಾಗಿದೆಯಮ್ಮ, ಆಗಲ್ಲ" ಎಂದ. ಫ್ರಾಕನ್ನು ತಿರುವುಮುರುವು ಹಾಕಿಸಿ ನೋಡಿದ. ಅಮ್ಮನ ಹೊಲಿಗೆ ಗೊತ್ತಲ್ಲ, ಒಳಮೈಯೂ ಹೊರಮೈಯಷ್ಟೇ ಒಪ್ಪ. ಒಂದು ದಾರ ಜೋತುಬಿದ್ದಿರಲಿಲ್ಲ. ಆಗ ಅಪ್ಪ ಪಕ್ಕದ ಮನೆಗೆ ಹೋಗಿ ಅವರು ನೆಲ ಒರೆಸಲು ಇಟ್ಟಿದ್ದ ಹರಕು ಲಂಗ ತಂದರು. ಅಮ್ಮನ ಕಣ್ಣೆದುರಿಗೇ ಫ್ರಾಕು ಬಿಚ್ಚಿಸಿ ಅದನ್ನು ಉಡಿಸಿದರು. ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು. ನಾನು ಅತ್ತದ್ದು ಅದಕ್ಕೆ. ಹಸಿವಿಗಲ್ಲ, ಪುಸ್ತಕಕ್ಕಲ್ಲ. ಪುಸ್ತಕ ನನಗೆ ಬರಲೂ ಇಲ್ಲ, ಒಂದು ಮನೆಗೆ ಒಂದೇ ಮಗು ಎಂಬುದು ಅವರ ನಿಯಮ. ಅಪ್ಪ ನಿನ್ನ ಹೆಸರು ಕೊಟ್ಟರು.

ಇದಿಷ್ಟೇ ಆಗಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಆ ಚಿತ್ರ ಊರಿನ ಗೋಡೆಗಳ ಮೇಲೆಲ್ಲ ಬಂತು, ನಮ್ಮ ಅಂಗಡಿಯ ಎದುರಿನ ಗೋಡೆಗೂ. ಅಮ್ಮ ಏನು ಕೆಲಸ ಮಾಡುತ್ತಿದ್ದಳು ಹೇಳು? ಊರವರಿಗೆಲ್ಲ ಬಟ್ಟೆ ಹೊಲಿದು ಕೊಡುತ್ತಿದ್ದಳು. ತನ್ನ ಮಗಳಿಗೆ ಹರಕು ಲಂಗ ಉಡಿಸಿ ಬೀದಿಗೆ ಬಿಟ್ಟವಳ ಹತ್ತಿರ ಮದುವೆಯ ಬಟ್ಟೆ ಹೊಲಿಯಲು ಯಾರು ಕೊಡುತ್ತಾರೆ? ಒಬ್ಬಳು ಅಳತೆ ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ಒಯ್ದಳು. ಹೋಗುವಾಗ ನನ್ನ ಕೈಗೆ ಚಿಲ್ಲರೆ ಇಟ್ಟು "ಪಾಪ" ಎಂದಳು. ವರ್ಷ ತುಂಬುವುದರೊಳಗೆ ಅಮ್ಮ ಆಸ್ಪತ್ರೆಯ ಹಾಸಿಗೆ ಹೊದಿಕೆ ಹೊಲಿಯುವ ಕೆಲಸಕ್ಕೆ ಇಳಿದಳು. ಸಾಯುವವರೆಗೂ ಅದೇ, ನೇರ ಹೊಲಿಗೆ, ಬಿಳಿ ಬಟ್ಟೆ. ರೋಗಿಗಳು ಹೊಲಿಗೆ ನೋಡುವುದಿಲ್ಲ ನೋಡು. ನೀನು ರಜೆಗೆ ಬಂದಾಗ "ಆಸ್ಪತ್ರೆ ಆರ್ಡರು, ಒಳ್ಳೇ ಕೆಲಸ" ಎಂದು ನಗುತ್ತಿದ್ದಳು. ನೀನು ನಂಬಿದೆ.

ಬ್ಯಾಂಕಿನಲ್ಲಿರುವುದು ಆ ಬಿಳಿ ಬಟ್ಟೆಯ ಹಣ. ಅದನ್ನು ಅವರಿಗೇ ಕೊಡು ಎನ್ನುತ್ತೀಯ.

ಇನ್ನು ನನ್ನ ತಪಾಸಣೆ. ಕಣ್ಣಾಸ್ಪತ್ರೆಯಲ್ಲಿ ಸಾಲಿನಲ್ಲಿ ನಿಲ್ಲಿಸಿದರು. ದಾನಿಗಳಾರೋ ಬಂದರೆಂದು ಇಡೀ ಸಾಲನ್ನು ಗೋಡೆಯ ಕಡೆಗೆ ತಳ್ಳಿದರು. ಊಟದ ಮನೆಗೆ ಹೋದೆ. ಕಂಡಕ್ಟರ್ ನನ್ನ ಹೆಸರು ಕೇಳಲಿಲ್ಲ, ಕಷ್ಟ ಕೇಳಲಿಲ್ಲ. "ಏನ್ ನಿಂತ್ಕೊಂಡು ಕನಸು ಕಾಣ್ತಿದೀರಾ, ಮುಂದೆ ಹೋಗ್ರೀ, ಹಿಂದೆ ಜಾಗ ಬಿಡ್ರೀ" ಎಂದು ಬಸ್ಸಿನಲ್ಲಿ ಕೂಗಿದ ಹಾಗೆ ಕೂಗಿದ. ಬೈಯುತ್ತಲೇ ಬಡಿಸಿದ. ಅನ್ನ ಬಿಸಿಯಾಗಿತ್ತು. ಅಲ್ಲಿ ಉಣ್ಣುವಾಗ ನನಗೆ ಯಾರ ಮುಂದೆಯೂ ತಲೆ ತಗ್ಗಿಸಬೇಕು ಅನ್ನಿಸಲಿಲ್ಲ. ಅವನಿಗೆ ಕೊಡೋಣ. ಲೆಕ್ಕ ಇಲ್ಲದಿದ್ದರೆ ನೀನೇ ಹೋಗಿ ಬರೆದುಕೊಡು, ಅಷ್ಟು ಓದಿದ್ದೀಯಲ್ಲ.

ಅಕ್ಕ


ಮೇ ೧೧

ಅಕ್ಕಾ,

ನಿನ್ನ ಪತ್ರ ಓದಿ ಎಷ್ಟೋ ದಿನ ಕಚೇರಿಯಲ್ಲಿ ಕೂಡಿದ್ದನ್ನೇ ಕೂಡುತ್ತಿದ್ದೆ. ಅಮ್ಮ ಒಮ್ಮೆಯಾದರೂ ನನಗೆ ಹೇಳಬಹುದಿತ್ತು. ನೀನೂ ಹೇಳಬಹುದಿತ್ತು. ಇಬ್ಬರೂ ಸೇರಿ ನನ್ನನ್ನು ಮನೆಗೆ ಬಂದ ನೆಂಟನ ಹಾಗೆ ನಗಿಸಿ ಕಳಿಸಿದಿರಿ.

ಆದರೂ ನನ್ನ ಮಾತು ಕೇಳು. ಕಂಡಕ್ಟರನಿಗೆ ನೋಂದಣಿ ಇಲ್ಲ, ಜಾಗದ ಕಾಗದ ಇಲ್ಲ. ಇವತ್ತು ಕೊಟ್ಟರೆ ನಾಳೆ ಏನಾಗುತ್ತದೋ ಹೇಳಲು ಬರುವುದಿಲ್ಲ. ಸ್ವಲ್ಪ ಕಾದು ನೋಡೋಣ. ಅಷ್ಟರಲ್ಲಿ ನಾನು ಓದಿನ ಸಂಸ್ಥೆಗೆ ಹೋಗಿ ಆ ಫೋಟೋ ತೆಗೆಯಿರಿ ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಮ್ಯಾನೇಜರು ಮರ್ಯಾದಸ್ಥ, ಸುಳ್ಳು ಹೇಳಲಿಲ್ಲ. "ಸರ್, ನಗೋ ಮಕ್ಕಳ ಫೋಟೋನೂ ಹಾಕಿ ನೋಡಿದೀವಿ. ಯಾರೂ ಕೈ ಬಿಚ್ಚಲ್ಲ. ನಿಮ್ಮಕ್ಕನ ಮುಖ ನೋಡಿ ಜನ ಕೊಡ್ತಾರೆ. ಅದನ್ನ ಇಳಿಸಿದ್ರೆ ಈ ವರ್ಷ ಎಷ್ಟು ಮಕ್ಕಳನ್ನ ವಾಪಸ್ ಕಳಿಸ್ಲಿ, ನೀವೇ ಹೇಳಿ" ಎಂದರು.

ಕಡೆಗೆ ಅವರೇ ಒಂದು ದಾರಿ ಹೇಳಿದರು, ನನಗೆ ಬಹಳ ಒಪ್ಪಿಗೆಯಾಯಿತು. ಹಳೆಯ ಚಿತ್ರದ ಪಕ್ಕದಲ್ಲಿ ನಿನ್ನ ಈಗಿನ ಚಿತ್ರ ಹಾಕುತ್ತಾರೆ. ಒಂದರ ಕೆಳಗೆ "ಅಂದು", ಇನ್ನೊಂದರ ಕೆಳಗೆ "ಇಂದು". ಹರಕು ಲಂಗದ ಹುಡುಗಿ ಈಗ ತನ್ನದೇ ಅಂಗಡಿಯ ಒಡತಿ ಎಂದು ಲೋಕಕ್ಕೆ ಗೊತ್ತಾಗಲಿ. ನನ್ನ ಮಗಳ ಮದುವೆಯಲ್ಲಿ ತೆಗೆದ ನಿನ್ನ ಫೋಟೋ ಕೊಟ್ಟುಬಂದೆ, ಆ ನೀಲಿ ಉಡುಪಿನಲ್ಲಿ ರಾಣಿಯ ಹಾಗಿದ್ದೀಯ. ಅಚ್ಚಿಗೆ ಹೋಗುವ ಮೊದಲಿನ ಪ್ರತಿ ಇದರೊಳಗಿದೆ. ನೋಡು, ಒಂದು ಸಲ ನಗು.

ನಿನ್ನ ತಮ್ಮ


ಮೇ ೧೮

ನಕ್ಕೆ. ಅಂಗಡಿಯಲ್ಲಿದ್ದವರು ತಿರುಗಿ ನೋಡುವಷ್ಟು ನಕ್ಕೆ.

"ನಮ್ಮ ಸಂಸ್ಥೆ ಬೆಳಕು ತೋರಿದ ಬಾಳು" ಎಂದು ಹಾಕಿದ್ದಾರಲ್ಲ, ಯಾವ ಬೆಳಕು? ಐದನೆಯ ತರಗತಿಗೆ ಶಾಲೆ ಬಿಟ್ಟು ಅಮ್ಮನ ಪಕ್ಕ ಕೂತು ಹಾಸಿಗೆ ಹೊದಿಕೆಗೆ ಅಂಚು ಮಡಚಿದವಳು ನಾನು. ಆ ನೀಲಿ ಉಡುಪು ನಾನೇ ಹೊಲಿದದ್ದು. ಅಪ್ಪ ನನ್ನನ್ನು ಕೇಳದೆ ಕೊಟ್ಟರು, ನೀನೂ ಕೇಳದೆ ಕೊಟ್ಟೆ. ಅಪ್ಪನಿಗಾದರೂ ಮನೆಯಲ್ಲಿ ಒಲೆ ಉರಿಯದ ಕಾರಣವಿತ್ತು. ನಿನಗೆ ಏನಿತ್ತು?

ಫೋಟೋ ವಾಪಸ್ ತರಿಸು. ಅದು ಬರುವವರೆಗೆ ನನಗೆ ಬರೆಯಬೇಡ.

ಇನ್ನೊಂದು ವಿಷಯ. ಕಾದು ನೋಡೋಣ ಎಂದಿದ್ದೆಯಲ್ಲ, ಕಾದದ್ದು ಆಯಿತು. ಊಟದ ಮನೆಗೆ ಬೀಗ ಬಿದ್ದಿದೆ. ಬಾಡಿಗೆ ಕಟ್ಟಲಾಗದೆ ಕಂಡಕ್ಟರ್ ಪಾತ್ರೆಗಳನ್ನು ಮಾರಿ ಎಲ್ಲೋ ಹೋದನಂತೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಇದೇ ಕೊನೇ ಸ್ಟಾಪು" ಎಂದು ಬರೆದಿದ್ದಾನೆ. ಓದಲು ಬಾರದವರು ಇನ್ನೂ ತಟ್ಟೆ ಹಿಡಿದು ನಿಂತಿದ್ದರು. ನೀನು ಲೆಕ್ಕ ನೋಡುತ್ತಿದ್ದೆ, ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಹಣ ಬ್ಯಾಂಕಿನಲ್ಲಿ ಭದ್ರವಾಗಿತ್ತು.

ಅಕ್ಕ


ಜೂನ್ ೪

ಅಕ್ಕಾ,

ನಿನ್ನ ಫೋಟೋ ವಾಪಸ್ ಬಂದಿದೆ, ಇದರೊಂದಿಗೆ ಇದೆ. "ಅಂದು ಇಂದು" ನಿಲ್ಲಿಸಿದ್ದಾರೆ. ಹಳೆಯ ಚಿತ್ರವನ್ನೂ ಇಳಿಸುತ್ತಾರಂತೆ, ಆದರೆ ಅದರ ಜಾಗಕ್ಕೆ ಹೊಸದೊಂದು ಸಿಕ್ಕ ದಿನ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲಿಲ್ಲ.

ಡಿಪೋ ಹಿಂದೆ ನಾನೂ ಹೋಗಿ ನಿಂತು ಬಂದೆ.

ಇನ್ನು ನಾನು ತೀರ್ಮಾನ ಮಾಡುವುದಿಲ್ಲ. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದೇನೆ. ದಾನಿಯ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು ಬರೆದಿದ್ದೇನೆ. ಯಾರಿಗೆ ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ನಿನಗೆ ಯೋಗ್ಯರೆಂದು ಕಂಡವರ ಹೆಸರು ತುಂಬು. ನಾನು ಏಕೆ ಎಂದು ಕೇಳುವುದಿಲ್ಲ.

ತಮ್ಮ


ಜುಲೈ ೨

ತಮ್ಮಾ,

ಖಾಲಿ ಬಿಟ್ಟು ನೀನು ಕೈ ತೊಳೆದುಕೊಂಡೆ. ಆ ಕಾಗದ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಮೂರು ವಾರ ಇತ್ತು. ದಾರದುಂಡೆ ತೆಗೆಯಲು ಹೋದಾಗಲೆಲ್ಲ ಕೈಗೆ ಸಿಗುತ್ತಿತ್ತು.

ನಮ್ಮ ಮೇಲಿನ ಮನೆಯಲ್ಲಿ ಹೋಟೆಲಿನ ಲಾಂಡ್ರಿಗೆ ಹೋಗುವವಳು ಇದ್ದಾಳೆ, ನೀನು ನೋಡಿದ್ದೀಯ. ಬಿಸಿ ಆವಿ ತಾಗಿ ಬಲಗೈ ಸುಟ್ಟಿತು, ಕೆಲಸ ಹೋಯಿತು. ಅವಳ ಎಂಟು ವರ್ಷದ ಮಗಳು ಶಾಲೆ ಬಿಟ್ಟಮೇಲೆ ನನ್ನ ಅಂಗಡಿಯಲ್ಲೇ ಬಿದ್ದಿರುತ್ತಾಳೆ, ನೆಲಕ್ಕೆ ಬಿದ್ದ ಅಂಗಿ ಗುಂಡಿಗಳನ್ನು ಆರಿಸಿ ಬಣ್ಣಕ್ಕೆ ಬಣ್ಣ ಸೇರಿಸುತ್ತಾಳೆ. ಫೀಸು ಕಟ್ಟದ್ದಕ್ಕೆ ಶಾಲೆಯವರು ಮನೆಗೆ ಕಳಿಸಿದರು. ನಾನು ಕಟ್ಟುತ್ತೇನೆ ಎಂದೆ. ತಾಯಿ ಒಪ್ಪಲಿಲ್ಲ. "ಒಂದು ವರ್ಷ ಕಟ್ತೀರಿ, ಆಮೇಲೆ?" ಎಂದಳು. ನನ್ನ ಮೊಣಕಾಲು, ನನ್ನ ಕಣ್ಣು ನೋಡಿಯೇ ಕೇಳಿದಳು, ತಪ್ಪೇನಿಲ್ಲ. ಕೊನೆಯ ತರಗತಿಯವರೆಗೆ ಕೈಬಿಡದೆ ಓದಿಸುವವರು ಊರಿನಲ್ಲಿ ಒಬ್ಬರೇ. ನಾನು ತಪಾಸಣೆಗೆ ಹೋಗದೆ ಬಿಟ್ಟಿದ್ದ ಆ ಒಂದು ಬಾಗಿಲಿಗೆ ಹುಡುಗಿಯ ಕೈ ಹಿಡಿದು ನಾನೇ ಹೋದೆ.

ನನ್ನ ಚಿತ್ರದ ಕೆಳಗೇ ಕೂರಿಸಿದರು. ಯಾರಿಗೂ ಗುರುತು ಹತ್ತಲಿಲ್ಲ. ಅರ್ಜಿ ಬರೆದುಕೊಂಡ ಕಚೇರಿಯ ಹುಡುಗಿ ಕೆಟ್ಟವಳಲ್ಲ, ನನಗೆ ನೀರು ತಂದುಕೊಟ್ಟಳು, "ಅಜ್ಜಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದಳು. ಎಲ್ಲ ಬರೆದಾದ ಮೇಲೆ ಮಗುವನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಿ, ಫೋಟೋ ಬೇಕು. ಆದ್ರೆ ಈ ಫ್ರಾಕು... ತುಂಬಾ ಚೆನ್ನಾಗಿದೆ. ಕಮಿಟಿಯವರು ನೋಡಿದ್ರೆ ಇವರಿಗೇನು ಕಷ್ಟ ಅಂತಾರೆ."

ಫ್ರಾಕು ನಾನು ಹೊಲಿದುಕೊಟ್ಟದ್ದು. ಅಮ್ಮ ಕಲಿಸಿದ ಹಾಗೆ, ಒಳಮೈ ಹೊರಮೈ ಒಂದೇ.

ಈಗ ಪಕ್ಕದ ಮನೆಗೆ ಓಡಬೇಕಾಗಿಲ್ಲ, ಅವರ ಹತ್ತಿರ ಹಳೆಯ ಬಟ್ಟೆಯ ಒಂದು ಪೆಟ್ಟಿಗೆಯೇ ಇದೆ. ಅದರಿಂದ ಒಂದನ್ನು ತೆಗೆದಳು. ಮಗು ಮೂಗು ಮುಚ್ಚಿಕೊಂಡು ನನ್ನ ಬೆನ್ನ ಹಿಂದೆ ಸೇರಿತು. ಎದ್ದು ಬಂದುಬಿಡಬಹುದಿತ್ತು. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟು ಸಲ ಎದ್ದು ಬಂದಿದ್ದೇನೆ ಆ ಫೋಟೋದವನ ಮುಂದಿನಿಂದ! ಮೆಟ್ಟಿಲ ಕೆಳಗೆ ಅವಳ ತಾಯಿ ಸುಟ್ಟ ಕೈ ಎದೆಗೆ ಒತ್ತಿಕೊಂಡು ಕಾಯುತ್ತಿದ್ದಳು. ಚೀಲದಿಂದ ಸಣ್ಣ ಕತ್ತರಿ ತೆಗೆದೆ. ಮಂಡಿಯೂರಿ ಕೂತು ನಾನೇ ಹೊಲಿದ ಫ್ರಾಕಿನ ಅಂಚನ್ನು ಒಂದು ಕಡೆ ಬಿಚ್ಚಿದೆ. ಬಿಚ್ಚಿದ್ದು ಸಾಲದು ಎಂದು ಸ್ವಲ್ಪ ಹರಿದೆ. "ಸಾಕು ಅಜ್ಜಿ, ಸಾಕು" ಎಂದಳು ಕಚೇರಿಯ ಹುಡುಗಿ. ಅಳು ಬಂದದ್ದು ಅವಳಿಗೆ.

ಅಪ್ಪ ಆ ಲಂಗವನ್ನು ಏಕೆ ತಂದರೆಂದು ಈಗ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಸಿಟ್ಟು ಆರುವುದಿಲ್ಲ.

ನಾಲ್ಕೇ ದಿನಕ್ಕೆ ಶಾಲೆಗೆ ಫೀಸು ತಲುಪಿತು, ಪುಸ್ತಕ, ಬೂಟು ಸಮೇತ. ನಿನ್ನ ಪಟ್ಟಿ ಸರಿಯಾಗಿಯೇ ಇತ್ತು ತಮ್ಮಾ. ಅದು ಸರಿಯಾಗಿದೆ ಎಂಬುದೇ ನನ್ನ ಸಂಕಟ. ಬೇರೆ ಯಾರು ಕೊಡುತ್ತಿದ್ದರು? ಬೈಯುತ್ತ ಬಡಿಸುವವನನ್ನು ನಾವೇ ಕಾದು ಕಾದು ಮುಗಿಸಿದೆವು. ಈ ದಿನ ಮಧ್ಯಾಹ್ನ ಖಾಲಿ ಜಾಗದಲ್ಲಿ ಅವರ ಹೆಸರು ತುಂಬಿ, ಸಹಿ ಹಾಕಿ, ಬ್ಯಾಂಕಿಗೆ ನಾನೇ ಕೊಟ್ಟುಬಂದೆ.

ಸಂಜೆ ಹುಡುಗಿ ಹೊಸ ಪುಸ್ತಕ ತೋರಿಸಲು ಬಂದಳು. ಅದೇ ಫ್ರಾಕು ಹಾಕಿದ್ದಳು, ಅಂಚು ಜೋತಾಡುತ್ತಿತ್ತು. "ಬಿಚ್ಚಿಕೊಡು, ಎರಡೇ ನಿಮಿಷ, ಹೊಲಿದುಬಿಡ್ತೀನಿ" ಎಂದೆ. ಅವಳು ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದೆ ಸರಿದಳು.

"ಬೇಡ ಅಜ್ಜಿ. ಮುಂದಿನ ವರ್ಷಾನೂ ಫೋಟೋ ತೆಗೀತಾರಂತೆ."

ಅಕ್ಕ


ಸೆಪ್ಟೆಂಬರ್ ೨೦

ಅಕ್ಕಾ,

ಅವರು ಮಾತು ಉಳಿಸಿಕೊಂಡಿದ್ದಾರೆ. ನಿನ್ನೆ ಹೋಗಿದ್ದೆ. ನಿನ್ನ ಚಿತ್ರ ಆ ಗೋಡೆಯ ಮೇಲೆ ಇಲ್ಲ.

ಹೊಸದು ಬಂದಿದೆ, ಊರಿನ ಗೋಡೆಗಳಿಗೂ ಅಂಟಿಸುತ್ತಿದ್ದಾರೆ. ನಿನ್ನ ಅಂಗಡಿಯ ಕಡೆಗೆ ಇಷ್ಟರಲ್ಲೇ ಬರಬಹುದು, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ನೀನು ಹೇಳದಿದ್ದರೂ ಗುರುತು ಹಿಡಿಯುತ್ತಿದ್ದೆ. ಹುಡುಗಿ ಅಳುತ್ತಿಲ್ಲ, ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಾಳೆ. ಒಂದು ಕಡೆ ಅಂಚು ಹರಿದು ಜೋತುಬಿದ್ದಿದೆ. ನೀನು ಬಿಚ್ಚದೆ ಬಿಟ್ಟ ಕಡೆಯನ್ನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಅಮ್ಮನದೇ ಹೊಲಿಗೆ.

ದೊಡ್ಡ ದಾನಿಗಳಿಗೆ ಅವರು ಒಂದು ಗೌರವ ಕೊಡುತ್ತಾರಂತೆ, ನಾನು ಕೇಳಿರಲಿಲ್ಲ. ಆ ಹರಿದ ಫ್ರಾಕಿನ ಕೆಳಗೆ, ದಪ್ಪ ಅಕ್ಷರದಲ್ಲಿ, ಅಮ್ಮನ ಹೆಸರು ಅಚ್ಚು ಹಾಕಿಸಿದ್ದಾರೆ.

ತಮ್ಮ